ಉಪಾಸ ಹೊಟ್ಟಿಲೆ ಹತ್ತಿಸಿದ ಮೆಟ್ಟಲ

ನಮ್ಮ ಮೊಮ್ಮಗಳು ಹೋದ ತಿಂಗಳ ಇಸಿಜಿ ತಗಿಯೂ ಕೋರ್ಸಿಗೆ ಹೆಸರ ಹಚ್ಚಿ ಬಂದಾಳ. "ಅಜ್ಜಿ, ನಿಮ್ಮ ಕಾಲಕ್ಕ ಹೆಂಗ ಇತ್ತ ಹೇಳ" ಅಂದ್ಲು. ನಾ ಬಾಯಿ ತಗಿಯೂದಕ್ಕ ಆಕಿ ಮೊಬೈಲ್ ತಗದ್ಲು. ಆತು, ಹಂಗಾರ ನಾ ಮೊಬೈಲನ್ಯಾಗನ ಬರತೇನಿ, ಎಲ್ಲಿ ಹೋಗ್ತಿ ನೋಡೂಣು ಅಂತ ಅಕಿ ಕಡಿಂದನ ಕನ್ನಡ ಒತ್ತೂದ ಕಲತ್ನಿ. ಒಂದ ಬೆರಳಲೆ ಒತ್ತಾಕತ್ತೇನಿ. ಅಕ್ಷರ ತಪ್ಪಿದ್ರ ಹೊಟ್ಯಾಗ ಹಾಕ್ಕೋರಿ. ನಾ ಇಲ್ಲಿ ಹೇಳೂ ತಪ್ಪಿನ ಮುಂದ ಅಕ್ಷರದ ತಪ್ಪ ಏನೂ ಅಲ್ಲ.

ನಾ ಕೊಲ್ಹಾಪುರದಾಗ ಒಂದ ದೊಡ್ಡ ದವಾಖಾನಿ ಇಸಿಜಿ ಖೋಲ್ಯಾಗ ಕೆಲಸ ಮಾಡಿದಾಕಿ. ದವಾಖಾನಿ ಹೆಸರ ಹೇಳೂದಿಲ್ಲ. ಎಂದ ಬಡ್ತಿ ಸಿಕ್ತು, ಯಾರ ಹಾರ ಹಾಕಿದ್ರು, ಅದನ್ನೂ ಹೇಳೂದಿಲ್ಲ, ಅದನ್ನ ಓದಿ ಯಾರಿಗೆ ಏನ ಬರಬೇಕಾಗೇತಿ. ನಮ್ಮ ತವರಮನಿ ಗಡಹಿಂಗ್ಲಜ ಕಡಿ. ಮನ್ಯಾಗ ಕನ್ನಡ, ಓಣ್ಯಾಗ ಮರಾಠಿ, ದವಾಖಾನ್ಯಾಗ ಇಂಗ್ಲಿಷಿನ ಬೈಗಳ. ಮರಾಠಿ ಸರಿ ಬರದ ಮಂದಿ ಬಂದ್ರ "ಗಂಗಕ್ಕ ಸಿಸ್ಟರ್ ಕಡಿ ಕಳಸ್ರಿ" ಅಂತಿದ್ರು. ಹಿಂಗಾಗಿ ಮಂದಿ ಎದಿ ಬಡತ ಅಷ್ಟ ಅಲ್ಲ, ಅವರ ಮನಿ ಜಗಳಾನೂ ನನ್ನ ಕಿವಿಗೆ ಬೀಳತಿದ್ವು.

ಈಗಿನ ಮಶೀನ ಕೈಯಾಗ ಹಿಡಕೊಂಡ ಅಡ್ಡಾಡಬಹುದು. ನಮ್ಮದ ಕಟಗಿ ಪೆಟಗಿ, ಇಬ್ರು ಎತ್ತಬೇಕು. ಕೈಗೆ ಕಾಲಿಗೆ ರಬ್ಬರ ಪಟ್ಟಿ ಕಟ್ಟಿ ಕಬ್ಬಣದ ತಗಡ ಹಚ್ಚೂದು, ಎದಿಗೆ ರಬ್ಬರ ಗುಂಡ ಒತ್ತಿ ಕುಂಡ್ರಸೂದು. ಒಂದ ಸಲಕ್ಕ ಒಂದ ಗೆರಿ ಬರತಿತ್ತು. ಒಂದ ವಾಯರ ಒಯ್ದ ನೀರಿನ ನಳಕ್ಕ ಕಟ್ಟಬೇಕು, ಇಲ್ಲಂದ್ರ ಕಾಗದದ ಪಟ್ಟಿ ಮ್ಯಾಲ ಗೆರಿ ಬದ್ಲಿ ಹುಳ ಹರದಂಗ ಕಾಣತಿತ್ತು.

ಮೊದಲನೇ ವರ್ಷ ನಾ ಒಂದ ಚಲೋ ಪರಾಕ್ರಮ ಮಾಡಿದ್ನಿ. ಹಾತಕಣಂಗಲೆ ಸ್ಟೇಶನ್ನಿನ ಒಬ್ಬ ಹಮಾಲನ ಬಲಗೈ ವಾಯರ ಎಡಗೈಗೆ, ಎಡಗೈದ ಬಲಗೈಗೆ ಹಚ್ಚಿದ್ನಿ. ಪಟ್ಟಿ ಪೂರಾ ತಿರುವಮುರುವ ಬಂತು. ಹಿರೇ ಸಾಹೇಬ್ರು, ಅಂದ್ರ ನಮ್ಮ ದೊಡ್ಡ ಡಾಕ್ಟರು, ಅದನ್ನ ನೋಡಿ ಇವಂದ ಹೃದಯ ಬಲಕ್ಕೈತಿ, ಲಕ್ಷಕ್ಕ ಒಬ್ಬನ ಇರತಾನ ಅಂತ ಕಲಿಯೂ ಹುಡುಗರನೆಲ್ಲಾ ಕರದ ತೋರಿಸಿದ್ರು. ಆ ಹಮಾಲಗೂ ಖುಶಿ ಆತು, ತನ್ನ ಕಡಿ ಇಂಥಾದ್ದ ಒಂದ ಐತಿ ಅಂತ. ಮಧ್ಯಾಹ್ನ ನನಗ ತಪ್ಪ ತಿಳದ ಓಡಿಹೋಗಿ ಸಾಹೇಬ್ರಿಗೆ ಹೇಳಿದ್ನಿ. ಅವರು ಸಿಟ್ಟ ಆಗಲಿಲ್ಲ. "ಆತಾ ಬೋಲೂ ನಕಾ" ಅಂದ್ರು, ಈಗ ಮಾತಾಡಬ್ಯಾಡ ಅಂತ. ಹುಡುಗರ ಮುಂದ ಹೇಳಿ ಆಗಿತ್ತು, ತಿರುಗಿ ಹೇಳಿದ್ರ ಅವರ ಮಾನ ಹೋಗತಿತ್ತು. ಆ ಹಮಾಲ ಸಾಯೂಮಟ ಬಲಕ್ಕ ಕೈ ಇಟಗೊಂಡ ಆಣಿ ಮಾಡಿರಬೇಕು. ನಾ ನಕ್ಕೊಂತ ಮನಿಗೆ ಬಂದ್ನಿ. ಅವತ್ತ ನಗಬಾರದಿತ್ತು. ಸಾಹೇಬ್ರು ಒಮ್ಮಿ ಆಡಿದ ಮಾತ ಹಿಂದ ತಗೋಳೂದಿಲ್ಲ ಅನ್ನೂದ ಅವತ್ತ ಗೊತ್ತಾಗಿತ್ತ ನನಗ.

ಇನ್ನ ಸಕ್ಕರಿ ಬ್ಯಾನಿ ಹುಡುಗರ ಮಾತಿಗೆ ಬರತೇನಿ. ನಾ ಬರಿಯಾಕ ಕುಂತದ್ದ ಅವರ ಸಲುವಾಗಿ.

ಮುದುಕರಿಗೆ ಬರೂ ಸಕ್ಕರಿ ಬ್ಯಾರೆ, ಎಳೇ ಹುಡುಗರಿಗೆ ಬರೂದ ಬ್ಯಾರೆ. ಈ ಹುಡುಗರ ಮೈಯಾಗ ಇನ್ಸುಲಿನ್ ಹುಟ್ಟೂದನ ನಿಂತಿರತೈತಿ, ದಿನಾ ಸೂಜಿ ತಗೋಬೇಕು. ಎಪ್ಪತ್ತರ ದಶಕದಾಗ ಅದು ಗಾಜಿನ ಪಿಚಕಾರಿ. ದಿನಾ ಕುದಸೂದು, ಮೊಂಡಾದ ಸೂಜಿ ಕಲ್ಲಿಗೆ ತಿಕ್ಕೂದು. ಮನ್ಯಾಗ ಫ್ರಿಜ್ ಇಲ್ಲದವರು ಔಷಧದ ಬಾಟ್ಲಿ ನೀರಿನ ಗಡಿಗ್ಯಾಗ ತೇಲಿ ಬಿಡತಿದ್ರು. ಸಕ್ಕರಿ ಎಷ್ಟೈತಿ ನೋಡೂದ ಮೂತ್ರದಾಗ. ನಳಿಗ್ಯಾಗ ನೀಲಿ ಔಷಧ ಹಾಕಿ, ಎಂಟ ಹನಿ ಮೂತ್ರ ಬಿಟ್ಟ, ದೀಪದ ಮ್ಯಾಲ ಕಾಸೂದು. ನೀಲಿ ಉಳದ್ರ ಸಕ್ಕರಿ ಇಲ್ಲ. ಹಸರ, ಹಳದಿ, ಇಟ್ಟಂಗಿ ಬಣ್ಣ ಆಕ್ಕೋಂತ ಹೋದಂಗ ಸಕ್ಕರಿ ಹೆಚ್ಚ. ಆದ್ರ ಮೂತ್ರ ಅಂದ್ರ ನಿನ್ನಿ ಪೇಪರ ಇದ್ದಂಗ. ಈಗ, ಈ ಗಳಿಗಿಗೆ ರಕ್ತದಾಗ ಏನ ನಡದೈತಿ ಅದಕ್ಕ ಗೊತ್ತಿಲ್ಲ. ಇದನ್ನ ನಾವು ಬಾಯಿಪಾಠ ಮಾಡಿದ್ವಿ, ತಲ್ಯಾಗ ಇಟಗೊಂಡಿದ್ದಿಲ್ಲ.

ನನ್ನ ಮೇಜಿನ ಮ್ಯಾಲ ಒಂದ ರಬ್ಬರ ಶಿಕ್ಕಾ ಇತ್ತು, "ವ್ಯಾಯಾಮ ವರ್ಜ್ಯ" ಅಂತ. ಅದನ್ನ ಮಾಡಿಸಿದ್ದ ಎದಿ ಹಿಡಕೊಂಡ ಬಂದ ಅರವತ್ತರ ಮುದುಕರ ಸಲುವಾಗಿ. ಯಾವನ ತಲ್ಯಾಗ ಬಂತೋ, ಸಕ್ಕರಿ ಹುಡುಗರ ಕಾಗದಕ್ಕೂ ಅದನ್ನ ಒತ್ತಾಕ ಚಾಲೂ ಮಾಡಿದ್ರು. ಹದಿಮೂರ ಹದಿನಾಲ್ಕ ವರ್ಷದ ಹುಡುಗರು ಸಾಲ್ಯಾಗ ಆಟದ ತಾಸಿಗೆ ಗಿಡದ ಬುಡಕ ಕುಂತ ಉಳದವರ ಚಪ್ಲಿ ಕಾಯತಿದ್ರು. ಅವರಿಗೆ ಆಡಬ್ಯಾಡ ಅಂದದ್ದ ಅವರ ಎದಿ ಅಲ್ಲ, ಆ ಶಿಕ್ಕಾ. ಒತ್ತಿದ್ದ ಈ ಕೈಯಿ. ಈಗ ನೆನಸಿಕೊಂಡ್ರ ಮೈ ಉರೀತೈತಿ.

ತಿಂಗಳಿಗೊಮ್ಮಿ ಜೀಪಿನ್ಯಾಗ ಮಶೀನ ಹೇರಿಕೊಂಡ ಗಡಹಿಂಗ್ಲಜಕ್ಕ ಹೋಗತಿದ್ವಿ. ಅಲ್ಲೆ ಒಬ್ಬ ಮೆಣಸಿನಕಾಯಿ ವ್ಯಾಪಾರಸ್ಥ ತನ್ನ ಮಗ ಶಿವಾನಂದನ್ನ ಕರಕೊಂಡ ಬಂದಿದ್ದ. ಹದಿನಾಲ್ಕ ವರ್ಷದ ಹುಡುಗ, ಎರಡ ವರ್ಷದಿಂದ ಸಕ್ಕರಿ. ಕರಕೊಂಡ ಬಂದಿದ್ದ ಅಂದ್ರ ಹೊತಗೊಂಡ ಬಂದಿದ್ದ. ಸಕ್ಕರಿ ಬಂದಾಗಿಂದ ಹುಡುಗನ್ನ ನೆಲದ ಮ್ಯಾಲ ಬಿಟ್ಟಿದ್ದಿಲ್ಲಂತ. ಬೆಳಗಿಂದ ಸಂಜಿಮಟ ಅಂಗಡಿ ಗಾದಿ ಮ್ಯಾಲ, ಸುತ್ತೂ ಮೆಣಸಿನಕಾಯಿ ಚೀಲ. ಅವಗ ನಾವು ಎರಡ ಮೆಟ್ಟಲದ ಪರೀಕ್ಷೆ ಮಾಡಿದ್ವಿ.

ಆ ಪರೀಕ್ಷೆ ಹಿಂಗ. ಗೇಣ ಎತ್ತರದ ಎರಡ ಕಟಗಿ ಮೆಟ್ಟಲ. ಈ ಕಡಿಂದ ಹತ್ತಬೇಕು, ಆ ಕಡಿ ಇಳೀಬೇಕು, ತಿರುಗಿ ಹತ್ತಬೇಕು. ನಾ ಕತ್ರಿ ಹಿಡಿಲೆ ಮೇಜ ಬಡದ ತಾಳ ಹಾಕತಿದ್ನಿ. ಹತ್ತೂ ಮೊದಲ ಒಂದ ಪಟ್ಟಿ, ಇಳದ ಮಲಗಿದ ಮ್ಯಾಲ ಒಂದ ಪಟ್ಟಿ. ಶಿವಾನಂದ ಎಂಟ ಸಲ ಹತ್ತೂದಕ್ಕ ತೇಕಾಕತ್ತಿದ, ಎದಿ ಕುದರಿ ಓಡಿದಂಗ ಓಡಾಕತ್ತಿತ್ತು. ಸಾಹೇಬ್ರು ಶಿಕ್ಕಾ ಒತ್ತ ಅಂದ್ರು. ಎರಡ ವರ್ಷ ಗಾದಿ ಮ್ಯಾಲ ಕುಂತ್ರ ನಂದೂ ಹಂಗ ಓಡತೈತ್ರಿ, ಪಟ್ಟ್ಯಾಗ ಮತ್ತ ಏನೂ ಕೆಟ್ಟದ್ದ ಇಲ್ಲಲ್ಲ ಅಂತ ನಾ ಅಂದ್ನಿ. "ಸಿಸ್ಟರ್, ತುಮ್ಹಿ ವಾಯರಿ ಲಾವಾ" ಅಂದ್ರು. ವಾಯರ ಹಚ್ಚೂದಷ್ಟ ನಿನ್ನ ಕೆಲಸ. ಹೊರಗ ಬಂದ ಅವರಪ್ಪಗ ಕನ್ನಡದಾಗ ಸಾವಕಾಶ ಹೇಳಿದ್ನಿ, ದಿನಾ ಊಟ ಆದ ಮ್ಯಾಲ ಬಾಜಾರಮಟ ನಡಸ್ರಿ ಹುಡುಗನ್ನ ಅಂತ. ಆತ ನನ್ನ ಬಿಳಿ ಸೀರಿ ನೋಡಿದ, ಒಳಗ ಕುಂತ ಸಾಹೇಬ್ರ ಕೋಟ ನೋಡಿದ. "ಅಕ್ಕಾರ, ಯಾರ ಮಾತ ದೊಡ್ಡದ್ರಿ?" ಅಂತ ಕೇಳಿದ. ಆತ ಮಗನ್ನ ಎತಗೊಂಡ ಹೋದ.

ಅದಾದ ವರ್ಷ ಶ್ರಾವಣದಾಗ ಸುರೇಖಾ ಬಂದ್ಲು.

ಇಚಲಕರಂಜಿ ಹತ್ರ ಯಡ್ರಾವದಾಗ ಅವರಪ್ಪ ಮಲ್ಲಪ್ಪಂದ ನಾಕ ಮಗ್ಗ. ಅಜ್ಜನ ಕಾಲಕ್ಕ ಕರ್ನಾಟಕದಿಂದ ಬಂದ ನೇಕಾರ ಮಂದಿ, ಮನ್ಯಾಗ ಕನ್ನಡ. ಹುಡುಗಿಗೆ ಹದಿನೈದ ವರ್ಷ, ಹನ್ನೊಂದನೇ ವರ್ಷಕ್ಕ ಸಕ್ಕರಿ ಬಂದಿತ್ತು. ಇಚಲಕರಂಜಿ ಸಾಲ್ಯಾಗ ಒಂಬತ್ತನೇತ್ತೆ. ಆಕಿ ದಿನಾ ಬಸ್ ತಪ್ಪತೈತಿ ಅಂತ ಓಡಿ ಬರೂದನ್ನ ಆಟದ ಬಾಈ, ಅಂದ್ರ ಆಟ ಕಲಿಸೂ ಟೀಚರು, ನೋಡಿದ್ರಂತ. ಈ ಹುಡುಗಿನ್ನ ಗಿಡದ ಬುಡಕ ಯಾರ ಕುಂಡ್ರಸ್ಯಾರ, ಖೋ-ಖೋ ತಂಡಕ್ಕ ಬೇಕ ನನಗ ಅಂದ್ರಂತ. ಸಾಲಿ ದೊಡ್ಡ ಬಾಈ ಮಾತ್ರ ದವಾಖಾನಿ ಕಾಗದ ತಾ, ಆಮ್ಯಾಲ ಆಡ ಅಂದ್ರು. ಆ ಕಾಗದಕ್ಕ ಬಂದಿದ್ಲು.

ನಾ ಆಕಿಗೆ ಒಂದ ಕಾರ್ಡ ಕೊಟ್ನಿ. ಅದು ಖರೇ ಹೇಳಬೇಕಂದ್ರ ರಕ್ತ ತಗಿಯೂ ಖೋಲಿದು. ಛಾಪಖಾನಿಯವರು ಒಂದ ನಮೂನಿ ಛಾಪಿಸಿ ಕೊಟ್ಟಿದ್ರು, ಇಡೀ ದವಾಖಾನಿ ಅದನ್ನ ಬಳಸತಿತ್ತು. "ರಿಕಾಮ್ಯಾ ಪೋಟಿ ಯಾವೆ" ಅಂತ ಬರದಿತ್ತು, ಖಾಲಿ ಹೊಟ್ಟಿಲೆ ಬರ್ರಿ ಅಂತ. ನಾ ಎಲ್ಲಾರ ಕಾರ್ಡಿಗೂ ಅದರ ಮುಂದ ಇದು ನಿಮಗ ಅಂತ ಗುರ್ತಿನ ಗೆರಿ ಹೊಡೀತಿದ್ನಿ. ಆಕಿ ಕಾರ್ಡಿಗೂ ಹೊಡದ್ನಿ. ಮುಂದಿನ ಸೋಮವಾರ ಬರ್ರಿ ಅಂದ್ನಿ. ಅವರವ್ವ ಹಿಗ್ಗಿದ್ಲು. "ಚಲೋನ ಆತ ಬಿಡ್ರಿ, ಶ್ರಾವಣ ಸೋಮವಾರ, ಹೆಂಗೂ ನಮ್ಮದ ಉಪಾಸ" ಅಂದ್ಲು.

ಆ ಸೋಮವಾರ ಆರಕ್ಕ ಮನ್ಯಾಗ ಸೂಜಿ ಆತು. ಸೂಜಿ ಎಂದೂ ತಪ್ಪಿಸಬಾರದು ಅಂತ ನಾವ ಹೇಳಿದ್ವಿ, ಅವರು ಪಾಲಿಸಿದ್ರು. ಬಸ್ಸಿನ್ಯಾಗ ಹುಡುಗಿ ಚಹಾ ಕೇಳಿದ್ಲಂತ, ಅವ್ವ ಕಾರ್ಡ ತೋರಿಸಿ ಬ್ಯಾಡ ಅಂದ್ಲಂತ. ದವಾಖಾನ್ಯಾಗ ಸಾಹೇಬ್ರು ರೌಂಡ ಮುಗಿಸಿ ಬರೂದಕ್ಕ ಹನ್ನೆರಡ ದಾಟಿತ್ತು. ಮೈಯಾಗ ಸೂಜಿ ಕೆಲಸ ಮಾಡಾಕತ್ತೈತಿ, ಹೊಟ್ಯಾಗ ಒಂದ ತುತ್ತಿಲ್ಲ. ಮ್ಯಾಲ ನಾ ಕತ್ರಿ ಬಡದ ಹತ್ತ ಇಳಿ, ಹತ್ತ ಇಳಿ ಅನ್ನಾಕತ್ತೇನಿ.

ಮೊದಮೊದಲ ಹುಡುಗಿ ಜಿಂಕಿಯಂಗ ಹತ್ತಿದ್ಲು. ಆಮ್ಯಾಲ ಕುಪ್ಪಸ ಬೆವತು, ಕೈ ನಡಗಾಕತ್ತು. "ಅಕ್ಕಾರ, ಮೆಟ್ಟಲ ಎರಡೆರಡ ಕಾಣಾಕತ್ತಾವ್ರಿ" ಅಂದ್ಲು.

"ಆತ ಆತ, ಇನ್ನ ನಾಕ ಐತಿ, ಮುಗಸ ಮಗಳ" ಅಂದ್ನಿ ನಾ.

ಈ ಮಾತನ್ನ ನಾ ನನಗ ಇವತ್ತಿನಮಟ ಮಾಫಿ ಮಾಡಿಲ್ಲ. ಕೈಯಾಗ ತಾಳ ಇತ್ತು, ತಾಳ ತಪ್ಪಬಾರದ ಅನ್ನೂದಷ್ಟ ನನ್ನ ತಲ್ಯಾಗಿತ್ತು. ಮುಂದಿನ ಮೆಟ್ಟಲಕ್ಕ ಹುಡುಗಿ ನನ್ನ ಮೈಮ್ಯಾಲ ಬಿದ್ಲು. ಮಲಗಿಸಿ ಪಟ್ಟಿ ತಗದ್ವಿ. ಗುಡ್ಡದಂಗ ಏಳಬೇಕಾಗಿದ್ದ ತೆರಿ ಚಪಾತಿಯಂಗ ಚಪ್ಪಟ ಆಗಿತ್ತು, ಗೆರಿ ಕೆಳಗ ಜಗ್ಗಿತ್ತು. ಸಾಹೇಬ್ರು ಪಟ್ಟಿ ನೋಡಿದ್ರು, ಹುಡುಗಿನ್ನ ನೋಡಲಿಲ್ಲ. ಮೂತ್ರ ಕಾಸ ಅಂದ್ರು. ಕಾಸಿದ್ನಿ, ಹಸರ ಬಂತು. ಅಂದ್ರ ಸಕ್ಕರಿ ಐತಿ, ಕಡಿಮಿ ಆಗಿಲ್ಲ, ಇದು ಹೃದಯದ್ದ, ಸಕ್ಕರಿ ಬ್ಯಾನಿ ಹೃದಯ ತಿಂದ ಹಾಕೇತಿ ಅಂದ್ರು. ಆ ಹಸರ ಬೆಳಗಿನ ಸಕ್ಕರಿದು. ನಿನ್ನಿ ಪೇಪರ ಓದಿ ಇವತ್ತಿನ ಸುದ್ದಿ ಹೇಳಿದ್ವಿ ನಾವು.

ಗ್ಲುಕೋಸ್ ಬಾಟ್ಲಿ ಹಚ್ಚಿದ್ವಿ, ಬಿದ್ದವರಿಗೆಲ್ಲಾ ಹಚ್ಚೂದ ರೂಢಿ ಇತ್ತ ಅಂತ. ಅರ್ಧಾ ತಾಸಿಗೆ ಹುಡುಗಿ ಎದ್ದ ಕುಂತ, ಅವ್ವ ಹಸಿವಿ ಆಗೇತಿ ಅಂದ್ಲು. ಸಾಹೇಬ್ರು ನಮ್ಮ ಕಡಿ ತಿರುಗಿ, ನೋಡ್ರಿ, ವಿಶ್ರಾಂತಿ ಕೊಟ್ಟ ಕೂಡ್ಲೆ ಆರಾಮ ಆತು ಅಂದ್ರು. ಹುಡುಗಿ ಹಸಿವಿ ಅನ್ನಾಕತ್ತಾಳ, ಬಾಟ್ಲ್ಯಾಗ ಇದ್ದದ್ದ ಸಕ್ಕರಿ ನೀರು, ಖೋಲ್ಯಾಗ ನಾಕ ಜನ ಕಲತವರು. ಒಬ್ಬರಿಗೂ ಹೊಳೀಲಿಲ್ಲ. ಕಾಗದದ ಮ್ಯಾಲ "ಹೃದಯ ಅಶಕ್ತ" ಅಂತ ಬರದ್ರು. ನಾ ಶಿಕ್ಕಾ ಒತ್ತಿದ್ನಿ.

ಮಲ್ಲಪ್ಪ ಅದನ್ನ ನಾಕ ಮಡಿಕಿ ಮಾಡಿ ಟೊಪಗ್ಯಾಗ ಇಟಗೊಂಡ ಹೋದ.

ಮುಂದಿನ ತಿಂಗಳ ಇನ್ಸುಲಿನ್ನಿಗೆ ಬಂದಾಗ ತಿಳೀತು, ಸಾಲಿ ಬಿಡಿಸ್ಯಾರ. ಖೋ-ಖೋ ಅಲ್ಲ, ಸಾಲಿನ ಬಿಡಿಸ್ಯಾರ. ಒಂಬತ್ತನೇತ್ತೆ ಮಾಳಿಗಿ ಮ್ಯಾಲ ಕುಂಡ್ರತೈತಿ, ಮೆಟ್ಟಲ ಹತ್ತೂದ ಬ್ಯಾಡ ಅಂತ. ಮತ್ತ ಹುಡುಗಿ ಏನ ಮಾಡಾಕತ್ತಾಳ ಅಂದ್ರ, ಮನಿ ಶೆಡ್ಡಿನ್ಯಾಗ ಕಾಂಡಿ ಸುತ್ತತಾಳ, ಅಂದ್ರ ಮಗ್ಗದ ಲಾಳ್ಯಾಗ ಕುಂಡ್ರೂ ನೂಲ ಸುತ್ತೂ ಕೆಲಸ. ಸುತ್ತಿದ ಕಾಂಡಿ ಬುಟ್ಟಿ ತುಂಬಿ ನಾಕೂ ಮಗ್ಗಕ್ಕ ಹೊತ್ತ ಕೊಡತಾಳ. ನನಗ ಸಿಟ್ಟ ನೆತ್ತಿಗೇರಿತು. ಸಾಲಿ ಮೆಟ್ಟಲಕ್ಕ ಇಲ್ಲದ ಹೃದಯ ಕಾಂಡಿ ಬುಟ್ಟಿಗೆ ಎಲ್ಲಿಂದ ಬಂತೋ ಮಲ್ಲಪ್ಪಾ ಅಂತ ಕೇಳಿದ್ನಿ.

"ಶೆಡ್ಡಿನ್ಯಾಗ ಬಿದ್ರ ನಾ ಅದೇನ್ರಿ ಅಕ್ಕಾರ. ಸಾಲ್ಯಾಗ ಬಿದ್ರ ಯಾರದಾರ?" ಅಂದ.

ಆತ ಕೆಟ್ಟ ಅಪ್ಪ ಆಗಿದ್ರ ನನಗ ಬೈಯಾಕ ಸಸಾರ ಆಗತಿತ್ತು. ಹುಡುಗಿ ನಮ್ಮ ಖೋಲಿ ಮುಂದಿನ ಎರಡ ಪಾವಟಿಗಿ ಹತ್ತೂಮುಂದ ಎದಿ ಮ್ಯಾಲ ಕೈ ಇಟಗೊಂಡ, ಒಂದ ಹತ್ತಿ ನಿಂತ, ಇನ್ನೊಂದ ಹತ್ತಿದ್ಲು. ಬಸ್ಸಿಗೆ ಓಡತಿದ್ದ ಹುಡುಗಿ.

ಸಂಕ್ರಾಂತಿ ಆದ ಮ್ಯಾಲ ಒಂದಿನ ವಾರ್ಡಿನ್ಯಾಗ ಮುರಗೂಡದ ಒಬ್ಬ ಮುದಕ ಮಾಸ್ತರದ ಇಸಿಜಿ ತಗಿಯಾಕ ಹೋಗಿದ್ನಿ. ಅವರಿಗೂ ಸಕ್ಕರಿ, ಬೆಳಿಗ್ಗೆ ಸೂಜಿ ಆಗಿತ್ತು, ನಾಷ್ಟಾ ಬಂದಿದ್ದಿಲ್ಲ. ವಾಯರ ಹಚ್ಚೂದಕ್ಕ ಮಾಸ್ತರ ಬೆವತು ನಡಗಾಕತ್ತಿದ್ರು. ಪಟ್ಟಿ ಬಂತು. ಚಪ್ಪಟ ತೆರಿ, ಜಗ್ಗಿದ ಗೆರಿ. ವಾರ್ಡಿನ ನರ್ಸಮ್ಮ ನೋಡಿದಾಕಿನ ಇವರ ಸಕ್ಕರಿ ಇಳದೈತಿ ಅಂತ ಒಂದ ಗಿಲಾಸ ಸಕ್ಕರಿ ನೀರ ಕುಡಿಸಿದ್ಲು. ನಾ ವಾಯರ ತಗೀಲಿಲ್ಲ. ಎರಡೆರಡ ನಿಮಿಷಕ್ಕ ಪಟ್ಟಿ ಬಿಟಗೋಂತ ನಿಂತ್ನಿ. ತೆರಿ ಸಾವಕಾಶ ಏಳಾಕತ್ತು, ಕಾಲ ತಾಸಿನ್ಯಾಗ ಮತ್ತ ಗುಡ್ಡ ಆತು. ಖೋಲಿಗೆ ಬಂದ ಕಪಾಟಿನ್ಯಾಗಿನ ಸುರೇಖಾನ ಪಟ್ಟಿ ತಗದ ಬಾಜೂಕ ಇಟ್ನಿ. ಅಕ್ಕ ತಂಗಿಯಂಗ ಇದ್ವು. ಹುಡುಗಿ ಹೃದಯಕ್ಕ ಏನೂ ಆಗಿದ್ದಿಲ್ಲ. ನಾ ಅಕಿನ್ನ ಹಸಿವಿಲೆ ಕೆಡವಿದ್ನಿ.

ಹೊಸದಾಗಿ ಕೆಲಸಕ್ಕ ಬರೂ ಹುಡುಗ್ಯಾರ, ಇಲ್ಲೆ ಸಾವಕಾಶ ಓದ್ರಿ. ನನಗ ಅವತ್ತ ಹನ್ನೊಂದ ಗಂಟೇಕ ಗೊತ್ತಾತು. ನಾ ಯಾರಿಗೂ ಹೇಳಲಿಲ್ಲ. ಸಾಹೇಬ್ರ ಅಂಜಿಕಿ, ಮೆಮೊ ಬರತೈತಿ ಅನ್ನೂ ಅಂಜಿಕಿ, ಉಳದ ಸಿಸ್ಟರಗೋಳ ನಗತಾರ ಅನ್ನೂ ಅಂಜಿಕಿ. ನಾಳೆ ಹೇಳೂಣು, ಸಾಹೇಬ್ರ ಮೂಡ ಚಲೋ ಇದ್ದಾಗ ಹೇಳೂಣು ಅಂದಕೋಂತ ಮೂರ ವಾರ ಕಳದ್ನಿ. ಸಾಹೇಬ್ರ ಮೂಡ ಮೂರ ವಾರ ಚಲೋ ಇರಲಿಲ್ಲ ಅನ್ನೂದ ಖರೆ. ಆದ್ರ ಅದು ನೆವ.

ಮೂರ ವಾರದ ಮ್ಯಾಲ ಸುರೇಖಾ ಔಷಧಕ್ಕ ಬಂದ್ಲು. ಅವರಪ್ಪ ಪಾಳಿಗೆ ನಿಂತಿದ್ದ. ಆಕಿ ನನ್ನ ಬಾಜೂಕ ಬಂದ, ಅಪ್ಪಗ ಕೇಳಬಾರದ ಅಂತ ದನಿ ಸಣ್ಣ ಮಾಡಿ, "ಅಕ್ಕಾರ, ನಾ ಇನ್ನ ಎಷ್ಟ ವರ್ಷ ಇರತೇನ್ರಿ?" ಅಂತ ಕೇಳಿದ್ಲು. ಅಳಲಿಲ್ಲ. ಬಸ್ ಎಷ್ಟಕ್ಕೈತಿ ಅಂತ ಕೇಳಿದಂಗ ಕೇಳಿದ್ಲು.

ಅವರನ್ನ ಅಲ್ಲೇ ಕುಂಡ್ರಿಸಿ, ಎರಡೂ ಪಟ್ಟಿ ತಗೊಂಡ ಸಾಹೇಬ್ರ ಖೋಲಿಗೆ ಹೋದ್ನಿ. ಎಲ್ಲಾ ಹೇಳಿದ್ನಿ, ಕಾರ್ಡ, ಸೂಜಿ, ಸೋಮವಾರ, ಗ್ಲುಕೋಸ್ ಬಾಟ್ಲಿ. ಸಾಹೇಬ್ರು ಪಟ್ಟಿ ನೋಡೂದನ್ನ ಬಿಟ್ಟ ನನ್ನ ಮಾರಿ ನೋಡಿದ್ರು. ಕಾಗದ ಹೊರಗ ಹೋಗೇತಿ, ಒಂದ ದವಾಖಾನಿ ಒಂದ ಹುಡುಗಿಗೆ ಎರಡ ನಮೂನಿ ಕಾಗದ ಕೊಟ್ರ ಮಂದಿ ಏನ ಅಂತಾರ ಅಂತ ಕೇಳಿದ್ರು. ಹುಡುಗಿ ಏನ ಅಂತಾಳ ಕೇಳ್ರಿ ಮೊದಲ ಅಂದ್ನಿ. ಇನ್ನೊಮ್ಮಿ ಪರೀಕ್ಷೆ ಮಾಡೂಣು, ಉಣಿಸಿ ಮಾಡೂಣು ಅಂದ್ನಿ. ಪರೀಕ್ಷೆ ಖಾಲಿ ಹೊಟ್ಟಿಲೆನ ಮಾಡೂದ ನಿಯಮ ಅಂದ್ರು. ನನಗ ಎಲ್ಲಿಂದ ಧೈರ್ಯ ಬಂತೋ ಗೊತ್ತಿಲ್ಲ.

"ಸಾಹೇಬ್, ನೀವ ದಿನಾ ಎರಡ ಪ್ಲೇಟ್ ಪೋಹೆ ತಿಂದ ಈ ಮಾಳಿಗಿ ಮೆಟ್ಟಲ ಹತ್ತತೀರಿ, ಆದ್ರೂ ತೇಕತೀರಿ. ನಿಮ್ಮ ಕಾಗದಕ್ಕ ನಾ ಶಿಕ್ಕಾ ಒತ್ತೇನೇನು?"

ಮರಾಠಿಯೊಳಗ ಅಂದದ್ದ ಇದನ್ನ, ಇನ್ನೂ ಖಾರ ಇತ್ತು. ಬಾಗಲಾಗ ನಿಂತ ಸಿಪಾಯಿ ನಕ್ಕ ಓಡಿಹೋದ. ಸಾಹೇಬ್ರು ಎರಡೂ ಪಟ್ಟಿ ತಮ್ಮ ಕಡಿ ಎಳಕೊಂಡ್ರು. ಆಮ್ಯಾಲ, ಗುರುವಾರ ಕರಸ, ನನ್ನ ಮುಂದ ಆಗಬೇಕು, ಹುಡುಗಿ ಬಿದ್ರ ನೀ ಅರವಿ ಎಣಸೂ ಖೋಲಿಗೆ ಹೋಗತಿ ಅಂದ್ರು. ಮತ್ತ ತಾವಾಗೆ, ಅವತ್ತಿನ ಸೂಜಿ ಎಷ್ಟ ಕಡಿಮಿ ಮಾಡಬೇಕು ಅಂತ ಚೀಟಿ ಬರದ ಕೊಟ್ರು. ಅದೊಂದಕ್ಕ ಅವರಿಗೆ ನಾ ಕೈ ಮುಗೀತೇನಿ.

ಗುರುವಾರ ಹುಡುಗಿ ನನ್ನ ಮುಂದನ ಒಂದ ಜ್ವಾಳದ ರೊಟ್ಟಿ, ಕಾಳಪಲ್ಯ ತಿಂದ್ಲು. ಸಾಹೇಬ್ರ ಕುರ್ಚಿನ್ನ ನಾ ಬೇಕಂತನ ಮೆಟ್ಟಲದ ಮುಂದ ಹಾಕಿದ್ನಿ, ಮಶೀನ ಅವರ ಬೆನ್ನ ಹಿಂದ ಇಟ್ನಿ. ಈ ಸಲ ಅವರ ಕಣ್ಣಿಗೆ ಹುಡುಗಿ ಕಾಣಬೇಕು. ಹುಡುಗಿ ಎದಿ ಮ್ಯಾಲ ಕೈ ಇಟಗೊಂಡನ ಮೆಟ್ಟಲದ ಮುಂದ ಬಂದ ನಿಂತ್ಲು. ಆಕಿಗೆ ತಾ ಇವತ್ತ ಸಾಯತೇನಿ ಅಂತನ ಅನಿಸಿತ್ತಂತ, ಆಮ್ಯಾಲ ಹೇಳಿದ್ಲು. ಆದ್ರೂ ಹತ್ತಿದ್ಲು. ಹತ್ತ ಆತು, ಹದಿನೈದ ಆತು. ಎದಿ ಮ್ಯಾಲಿನ ಕೈ ತಾನ ಕೆಳಗ ಇಳೀತು. ಇಪ್ಪತ್ತರ ಮ್ಯಾಲ ಆಕಿ ನನ್ನ ತಾಳಕ್ಕಿಂತ ಮುಂದ ಹೋದ್ಲು, ನಾ ಆಕಿ ಹಿಂದ ಕತ್ರಿ ಬಡಕೋಂತ ಹೋದ್ನಿ. ಪಟ್ಟಿ ತಗದ್ರ ಎದಿ ಜೋರ ಓಡಾಕತ್ತಿತ್ತು, ಆರ ತಿಂಗಳ ಓಡೂದ ಬಿಟ್ಟ ಹುಡುಗಿ ಅಂದ ಮ್ಯಾಲ ಓಡಬೇಕಾದದ್ದನ. ತೆರಿ ಮಾತ್ರ ಗುಡ್ಡದಂಗ ಎದ್ದಿತ್ತು, ಗೆರಿ ಜಗ್ಗಿದ್ದಿಲ್ಲ. ಸಾಹೇಬ್ರು ಅರ್ಧಾ ತಾಸ ಬಿಟ್ಟ ಇನ್ನೊಮ್ಮಿ ಮಾಡಿಸಿದ್ರು. ಮತ್ತೂ ಹಂಗ ಬಂತು.

ಮುಗೀತ ಅನಕೊಂಡ್ರೇನು? ಸಾಹೇಬ್ರು ಹೊಸಾ ಕಾಗದದ ಮ್ಯಾಲ "ಹೃದಯ ಆತಾ ಬರೆ ಆಹೇ" ಅಂತ ಬರದ್ರು. ಹೃದಯ ಈಗ ಆರಾಮ ಐತಿ ಅಂತ. ಹುಷಾರ ಮಾಡಿದವರು ತಾವ ಅನ್ನೂವಂಗ. ನಾ ಕಾಗದ ತಗೋಲಿಲ್ಲ. ಈಗ ಆರಾಮ ಅಂತ ಬರದ್ರ ಒಮ್ಮಿ ಕೆಟ್ಟಿತ್ತ ಅಂತ ಆತು, ಅವರಪ್ಪ ಮತ್ತ ಕೆಡತೈತಿ ಅಂತ ಸಾಲಿಗೆ ಕಳಸೂದಿಲ್ಲ. ಎಂದೂ ಕೆಟ್ಟಿದ್ದಿಲ್ಲ ಅಂತ ಬರೀರಿ ಅಂದ್ನಿ. ಹಂಗಾರ ಮೊದಲನೇ ಪರೀಕ್ಷೆ ಯಾರ ತಪ್ಪ ಅಂತ ಬರೀಲಿ ಅಂತ ಕೇಳಿದ್ರು. ನಂದ ಬರೀರಿ ಅಂದ್ನಿ. ಬರದ್ರು. ಮೊದಲನೇ ಪರೀಕ್ಷೆ ಸಿಸ್ಟರ ನಿಷ್ಕಾಳಜಿಲೆ ತಪ್ಪಾಗಿತ್ತು, ಹುಡುಗಿ ಹೃದಯ ನಿರೋಗಿ ಐತಿ, ಓಡಾಕ ಅಡ್ಡಿ ಇಲ್ಲ.

ಎಲ್ಲಾ ಪೆನ್ನಿಂದ ಸರಳ ಇಳೀತು. ಪಟ್ಟಿ ಓದಿದವರ ಹೆಸರ ಇಲ್ಲ. ಇಡೀ ದವಾಖಾನಿಗೆ ಒಂದ ಕಾರ್ಡ ಛಾಪಿಸಿದವರ ಹೆಸರ ಇಲ್ಲ. ಮುದುಕರ ಶಿಕ್ಕಾ ಹುಡುಗರಿಗೆ ಒತ್ತ ಅಂದವರ ಹೆಸರ ಇಲ್ಲ. ನಂದಷ್ಟ ಐತಿ. ಮೆಮೊನೂ ಬಂತು, ನನ್ನ ಫೈಲಿನ್ಯಾಗ ಕುಂತಿತು. ಅದಕ್ಕ ನನಗ ಸಿಟ್ಟಿಲ್ಲ, ನಾ ಬೇಡಿ ತಗೊಂಡದ್ದ. ಸಿಟ್ಟ ಯಾವುದಕ್ಕಂದ್ರ, ಮುಂದನೂ ಆ ಕಾರ್ಡ ಹಂಗ ಛಾಪಿಸಿ ಬರತಿತ್ತು. ಸಕ್ಕರಿ ಹುಡುಗರು ಬಂದ್ರ ನಾ ಆ ಸಾಲ ಹೊಡದ ಹಾಕಿ "ಜೇವೂನ ಯಾವೆ", ಉಂಡ ಬರ್ರಿ ಅಂತ ಕೈಲೆ ಬರೀತಿದ್ನಿ. ಶಿಕ್ಕಾ ಒಂದಿನ ಕಳೀತು. ಎಲ್ಲಿ ಹೋತ ಅಂತ ನನ್ನನ್ನ ಕೇಳಿದ್ರು, ಇಲಿ ಒಯ್ದಿರಬೇಕ ಅಂದ್ನಿ. ಎಂಬತ್ತರ ದಶಕದ ಕಡೀಕ ಮೆಟ್ಟಲದ ಬದ್ಲಿ ಟ್ರೆಡ್‌ಮಿಲ್ ಮಶೀನ ಬಂತು, ಬೆರಳ ಚುಚ್ಚಿ ಒಂದ ಹನಿ ರಕ್ತದಾಗ ಆ ಗಳಿಗಿ ಸಕ್ಕರಿ ನೋಡೂ ಪಟ್ಟಿನೂ ಬಂತು. ಹೊಸಾ ಡಾಕ್ಟರಗೋಳ ಈ ಹುಡುಗರಿಗೆ ಆಡ್ರಿ, ಓಡ್ರಿ, ಅದು ನಿಮ್ಮ ಔಷಧ ಅನ್ನಾಕತ್ರು. ಅಷ್ಟೂ ವರ್ಷ ಗಾದಿ ಮ್ಯಾಲ ಕುಂಡ್ರಿಸಿದ ಹುಡುಗರಿಗೆ ಯಾರಾದ್ರೂ ಹೋಗಿ ತಪ್ಪಾತು ಅಂತ ಹೇಳಿದ್ರೇನು? ನಾ ಅಂತೂ ಕೇಳಿಲ್ಲ.

ಆ ಐತವಾರ ಕಾಗದ ತಗೊಂಡ ನಾನ ಯಡ್ರಾವಕ್ಕ ಹೋದ್ನಿ. ಟಪಾಲಿನ್ಯಾಗ ಕಳಸೂ ಕಾಗದ ಅಲ್ಲ ಅದು. ಶೆಡ್ಡಿನ್ಯಾಗ ನಾಕೂ ಮಗ್ಗ ಖಟಾಪಟಾ ನಡದಿದ್ವು, ಮಾತ ಕೇಳತಿದ್ದಿಲ್ಲ. ನನ್ನ ನೋಡಿ ಮಲ್ಲಪ್ಪ ಒಂದೊಂದ ಆರಿಸಿ ಬಂದ. ನಾ ಮರಾಠಿ ಕಾಗದ ಕನ್ನಡದಾಗ ಓದಿ ಹೇಳಿದ್ನಿ. ಅವರವ್ವ ಸೆರಗ ಬಾಯಿಗೆ ಒತಗೊಂಡ, ನನ್ನ ಸೋಮವಾರಲೆ ಆತೇನ್ರಿ ಇದು ಅಂತ ಅಳಾಕತ್ಲು. ನಿನ್ನ ಸೋಮವಾರದ್ದ ಏನೂ ತಪ್ಪಿಲ್ಲವಾ, ಕಾರ್ಡಿಗೆ ಗೆರಿ ಹೊಡದಾಕಿ ನಾ ಅಂದ್ನಿ. ಮಲ್ಲಪ್ಪ ಟೊಪಗಿ ತಗದ ಕೈಯಾಗ ಹಿಡಕೊಂಡ ನಿಂತ. ಬೈದಿದ್ರ ಚಲೋ ಆಗತಿತ್ತು.

ಸುರೇಖಾ ಕಾಂಡಿ ಬುಟ್ಟಿ ಕೆಳಗಿಟ್ಲು. "ನಿಮಗ ಎಂದ ಗೊತ್ತಾತ್ರಿ ಅಕ್ಕಾರ?" ಅಂದ್ಲು.

ಸುಳ್ಳ ಹೇಳಬಹುದಿತ್ತು. ಗುರುವಾರ ಅಂದಿದ್ರ ಯಾರ ಕೇಳತಿದ್ರು. "ಸಂಕ್ರಾಂತಿ ಆದ ಮ್ಯಾಲ, ಮುರಗೂಡ ಮಾಸ್ತರದ ಪಟ್ಟಿ ನೋಡಿದಾಗ" ಅಂದ್ನಿ. "ಸಾಹೇಬ್ರಿಗೆ ಹೇಳಾಕ ಮೂರ ವಾರ ತಗೊಂಡ್ನಿ. ಅಂಜಿದ್ನಿ."

ಆಕಿ ಮನಸಿನ್ಯಾಗನ ಎಣಿಸಿದ್ಲು. "ಆ ಮೂರ ವಾರದಾಗನ ನಾ ಪುಸ್ತಕ ಎಲ್ಲಾ ಮಂದಿಗೆ ಕೊಟ್ಟ ಬಿಟ್ನಿ ರೀ" ಅಂದ್ಲು.

ಅಷ್ಟ ಅಂದದ್ದು. ಬುಟ್ಟಿ ಎತಗೊಂಡ ಒಳಗ ಹೋದ್ಲು. ಮಲ್ಲಪ್ಪ ನನಗ ಚಹಾ ತರಿಸಿದ. ಕುಡಿಯಾಕ ಆಗಲಿಲ್ಲ, ಬಿಡಾಕೂ ಆಗಲಿಲ್ಲ.

ಹುಡುಗ್ಯಾರ, ನೀವು ತಪ್ಪ ಮಾಡತೀರಿ. ಮಾಡದವರ ಯಾರೂ ಇಲ್ಲ, ನಿಮ್ಮ ಮಶೀನ ಎಷ್ಟ ಶಾಣ್ಯಾ ಇದ್ರೂ ಮಾಡತೀರಿ. ನನ್ನ ಮೆಮೊದಾಗ ಬರದದ್ದ ಗೆರಿ ಹೊಡದ ತಪ್ಪು. ಮೂರ ವಾರದ್ದ ಯಾರೂ ಬರೀಲಿಲ್ಲ, ಅದಕ್ಕ ನಾ ಇಲ್ಲಿ ಬರದೇನಿ. ಗೊತ್ತಾದ ದಿನಾನ ಹೇಳ್ರಿ. ಆ ಕಡಿ ಯಾರೋ ಪುಸ್ತಕ ಹಂಚಾಕತ್ತಿರತಾರ.

ಜೂನಿನ್ಯಾಗ ಸುರೇಖಾ ಮತ್ತ ಒಂಬತ್ತನೇತ್ತೆಗೆ ಕುಂತ್ಲು, ತನಗಿಂತ ಸಣ್ಣವರ ಜೋಡಿ. ಆ ಚಳಿಗಾಲ ಇಚಲಕರಂಜಿ ಮೈದಾನದಾಗ ಸಾಲಿ ಸಾಲಿ ನಡುವ ಖೋ-ಖೋ ಪಂದ್ಯ ಇತ್ತು. ನನ್ನ ಯಾರೂ ಕರದಿದ್ದಿಲ್ಲ. ರಜಾ ಹಾಕಿ ಹೋದ್ನಿ. ಓಡೂಮುಂದ ಸಕ್ಕರಿ ಇಳದ್ರ ಅಂತ ಕರ್ಚಿಪಿನ್ಯಾಗ ಒಂದ ಗಡ್ಡಿ ಬೆಲ್ಲ ಕಟಗೊಂಡ ಗೆರಿ ಬಾಜೂಕ ನಿಂತಿದ್ನಿ. ಮೊದಲನೇ ಆಟ ಮುಗದಾಗ ಆಕಿ ನನ್ನ ನೋಡಿದ್ಲು, ಬಂದ್ಲು. ಬೆವತಿದ್ಲು, ನಾ ಮೊದಲ ನೋಡಿದ್ದ ಆಕಿ ಕೈ. ನಡಗತಿದ್ದಿಲ್ಲ. ಬೆಲ್ಲ ಮುಂದ ಹಿಡದ್ನಿ.

"ಬ್ಯಾಡ್ರಿ ಅಕ್ಕಾರ" ಅಂತ ತನ್ನ ಲಂಗದ ಕಿಸೆ ಬಡದ ತೋರಿಸಿದ್ಲು. "ನನ್ನ ಕಡಿ ಐತಿ."

ಸೀಟಿ ಆತು. ಆಕಿ ಹೋಗಿ ಸಾಲಿನ್ಯಾಗ ನನ್ನ ಕಡಿ ಬೆನ್ನ ಮಾಡಿ ಕುಂತ್ಲು. ಹಿಂದಿಂದ ಯಾರೋ ಖೋ ಕೊಟ್ರು, ಎದ್ದ ಓಡಿದ್ಲು.